ಕಾಂತು ಟೈಪಿಸುವ ಹೆಸರು

ಸಿಂದಗಿ ಬಸ್‌ಸ್ಟ್ಯಾಂಡಿನೆದುರು ಲ್ಯಾಪ್‌ಟಾಪ್ ರಿಪೇರಿ ಮಾಡುವ ಕಾಂತುವಿಗೆ ಅವಸರವೆಂಬುದೇ ಗೊತ್ತಿಲ್ಲ. ಅಪ್‌ಡೇಟ್ ಆದಮೇಲೆ ಒಂದು ಅಕ್ಷರ ಒತ್ತಿದರೆ ಇನ್ನೊಂದು ಮೂಡುತ್ತದೆಂದು ಯಾರು ಬಂದರೂ, "ಹೊಸ ಮನಿಗೆ ಬಂದೈತ್ರಿ, ಬಾಗಲಾ ಹುಡಕಾಕತ್ತೈತಿ" ಎನ್ನುತ್ತ ಕರುವಿನ ಮೈ ಸವರಿದಂತೆ ಕೀಬೋರ್ಡನ್ನು ಸವರುತ್ತಾನೆ. ಕೀಬೋರ್ಡಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ, ಆಲಮೇಲದ ಬಸ್ಸು ಬರುವ ದಾರಿ ನೋಡುತ್ತ, ಪರೀಕ್ಷೆಗೆಂದು ಯಾವಾಗಲೂ ಒಂದೇ ಹೆಸರು ಟೈಪಿಸುತ್ತಾನೆ: ಮೃಣಾಲಿನಿ. "ಶಿಫ್ಟ್ ಒತ್ತಲಾರದೆ ಈ ಹೆಸರು ಮೂಡಂಗಿಲ್ರಿ" ಎಂಬುದು ಅವನ ಸಮಜಾಯಿಷಿ. ಮೊನ್ನೆ ಆ ಬಸ್ಸಿನಿಂದಿಳಿದು ಕಾಲೇಜಿನ ಮೃಣಾಲಿನಿ ಮೇಡಂ ತಮ್ಮ ಲ್ಯಾಪ್‌ಟಾಪನ್ನೇ ತಂದರು. ಅವತ್ತು ಮಾತ್ರ ಕಾಂತು 'ಕೃಷ್ಣಾ' ಎಂದು ಹೊಳೆಯ ಹೆಸರು ಟೈಪಿಸಿದ. "ನನ್ನ ಹೆಸರು ಹಾಕಿ ನೋಡ್ರಿ, ಅದರಾಗ ಶಿಫ್ಟ್ ಸೈತ ಎಲ್ಲಾ ಬರ್ತದ" ಎಂದರು ಮೇಡಂ. ಕಾಂತು ತಲೆಯೆತ್ತದೆ ಕೇಳಿದ: "ಏನ್ರಿ ತಮ್ಮ ಹೆಸರು?"