ಮೂರೂ ಕಡೆ ಇದ್ದ ಆಮೆ

ಅಂಡಮಾನ್‌ನಲ್ಲಿ ಸ್ನಾರ್ಕ್ಲಿಂಗ್‌ಗೆ ಯಾವ ಜಾಗ ಚೆನ್ನಾಗಿದೆ ಅಂತ ಕೇಳೋಕೆ ಯಲಹಂಕದ ಒಂದು ಟ್ರಾವೆಲ್ಸ್ ಆಫೀಸಿಗೆ ಹೋದೆ. ಅಲ್ಲಿದ್ದ ಮಹಾಶಯ ಮೂರು ಜಾಗಗಳ ಫೋಟೊ ತೋರಿಸಿದ. ಮೂರರಲ್ಲೂ ಒಂದೇ ಆಮೆ, ಬೆನ್ನ ಮೇಲೆ ಅದೇ ಬಿಳಿ ಮಚ್ಚೆ.

“ಏನ್ರೀ, ಎಲ್ಲಾ ಕಡೆ ಇದೇ ಆಮೆನಾ?”

“ಆಮೆ ಈಜುತ್ತಲ್ವಾ ಸರ್, ಮೂರೂ ಕಡೆ ಬರುತ್ತೆ.”

“ನೀವು ನೀರಿಗಿಳಿದು ನೋಡಿದ್ದೀರಾ?”

“ಅಯ್ಯೋ, ನಂಗೆ ನೀರಂದ್ರೆ ಭಯ ಸರ್. ಯಲಹಂಕ ಕೆರೆ ಹತ್ರಾನೂ ಹೋಗಲ್ಲ.”

ಇಂಥವನ ಮಾತು ನಂಬೋಕೆ ನನಗೇನು ತಲೆ ಕೆಟ್ಟಿದೆಯಾ ಅಂದುಕೊಂಡೆ. ಆದರೂ ಅವನು ತೋರಿಸಿದ ಮೂರರಲ್ಲೇ ಒಂದು ಜಾಗ ಬುಕ್ ಮಾಡಿದೆ. ಸಮುದ್ರದೊಳಗೆ ಕಂಡದ್ದು ಬರೀ ಮರಳು, ಮುಂದಿದ್ದವರ ಕಾಲು. ಊರಿಗೆ ಬಂದ ಮೇಲೆ ಟ್ರಾವೆಲ್ಸ್‌ನವರು ಕಳಿಸಿದ ವಿಡಿಯೊದಲ್ಲಿ ಮಾತ್ರ ನನ್ನ ಪಕ್ಕದಲ್ಲೇ ಆ ಬಿಳಿ ಮಚ್ಚೆಯ ಆಮೆ ಈಜ್ತಾ ಇತ್ತು. ನಾಚಿಕೆಗೆಟ್ಟ ಜನ!

ಮನೆಗೆ ಬಂದವರಿಗೆಲ್ಲ ಆ ವಿಡಿಯೊ ತೋರಿಸ್ತೀನಿ, ಆಮೆ ಎಷ್ಟು ಹತ್ತಿರ ಬಂದಿತ್ತು ನೋಡಿ ಅಂತ.