ಮುಳುಗದ ಕೈ
ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸೇರುವ ನಮ್ಮ ಪೆಂಟೆಕೋಸ್ಟ್ ಸಭೆಯಲ್ಲಿ ವೆಲ್ಡರಣ್ಣ ಐದು ನಿಮಿಷ ಒಂದು ಕಡೆ ಕೂತವನಲ್ಲ. ಪ್ರಾರ್ಥನೆ ಶುರುವಾದರೆ ಫ್ಯಾನ್ ಜೋರು ಮಾಡುತ್ತಾನೆ, ಹಾಡು ಶುರುವಾದರೆ ಕಡಿಮೆ ಮಾಡುತ್ತಾನೆ, ಚಪ್ಪಾಳೆಯಲ್ಲಿ ಎಲ್ಲರಿಗಿಂತ ಒಂದು ಏಟು ಮುಂದೆಯೇ ಇರುತ್ತಾನೆ. ಸಾಕ್ಷಿ ಹೇಳಲು ಮೈಕ್ ಸಿಕ್ಕರೆ "ನಾನು ಎಂಥವನಾಗಿದ್ದೆ ಅಂತ ನಿಮಗೆ ಗೊತ್ತಿಲ್ಲ" ಎಂದೇ ಶುರು. ಅವನ ಕುಡಿತ, ಹೊಡೆದಾಟಗಳೆಲ್ಲ ನಮಗೆ ಬಾಯಿಪಾಠವಾಗಿವೆ. ಪಾಪ ತೊಳೆಯಲೆಂದು ನೀರಲ್ಲಿ ಪೂರ್ತಿ ಮುಳುಗಿಸುವ ದೀಕ್ಷಾಸ್ನಾನ ಎಲ್ಲರಿಗೂ ಜನ್ಮಕ್ಕೊಂದು, ಇವನಿಗೆ ಮೂರಾಗಿದೆ. ಮೊನ್ನೆ ಮತ್ತೆ ಟವೆಲ್ ಹಿಡಿದು ಸಾಲಿನಲ್ಲಿ ನಿಂತಿದ್ದ. "ದೇವರಿಗೆ ಒಂದು ಸಲ ಸಾಕಣ್ಣ" ಎಂದರು ಪಾಸ್ಟರ್. "ಪ್ರತಿ ಸಲ ಬಲಗೈ ಮೇಲೇ ಉಳ್ಕೊಂಡ್ಬಿಡುತ್ತೆ ಪಾಸ್ಟರ್, ಅದೊಂದು ಮುಳುಗೇ ಇಲ್ಲ." ನಾವು ನಕ್ಕೆವು. ಪಾಸ್ಟರ್ ಸೋತು ಅವನನ್ನು ತೊಟ್ಟಿಯಲ್ಲಿ ಮುಳುಗಿಸಿದಾಗ ನಿಜಕ್ಕೂ ಆ ಕೈ ನೀರಿನ ಮೇಲೇ ನಿಂತಿತು. ಹೆಂಡತಿಯ ಎಡಗಿವಿ ಕೇಳದಂತೆ ಮಾಡಿದ್ದು ಅದೇ ಕೈ. ಅದೊಂದನ್ನು ಮಾತ್ರ ಅವನು ಯಾವ ಸಾಕ್ಷಿಯಲ್ಲೂ ಹೇಳಿರಲಿಲ್ಲ. ಸದಾ ಹಿಂದಿನ ಸಾಲಿನಲ್ಲಿ ಕೂರುವ ಅವಳು ಎದ್ದು ಬಂದು, ತೊಟ್ಟಿಯಂಚಿಗೆ ಮೊಣಕಾಲೂರಿ, ಆ ಕೈಯನ್ನು ಎರಡೂ ಕೈಯಿಂದ ಹಿಡಿದು ನೀರೊಳಗೆ ಅದುಮಿದಳು. ಬೇಗ ಬಿಡಲಿಲ್ಲ.