ಸವೆಯದ ಎಡಗಡೆಯ ಟೈರು

ಮನುಷ್ಯನ ಗುಟ್ಟನ್ನು ಟೈರು ಹೇಳಿಬಿಡುತ್ತದೆ ಎಂದು ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹೊಸ ಟೈರು ಕೊಳ್ಳಲು ತರೀಕೆರೆಗೆ ಹೋಗುತ್ತಲೇ ಇರಲಿಲ್ಲ. ಸವೆದ ಟೈರಿನಲ್ಲೇ ಕಡೂರಿನ ಸುತ್ತಮುತ್ತ ಓಡಾಡಿಕೊಂಡಿರುತ್ತಿದ್ದೆ.

ನಾನು ನಿವೃತ್ತ ಅಮಲ್ದಾರ. ಎರಡು ಸೀಟಿನ ಪುಟ್ಟ ಕಾರೊಂದನ್ನು ಇಟ್ಟುಕೊಂಡಿದ್ದೇನೆ. ಹೆಂಡತಿ ಇದ್ದಾಗ ಕೊಂಡದ್ದಲ್ಲ. ಅವಳು ಹೋದ ಮೇಲೆ, ಮನೆಯ ಮೌನ ತಾಳಲಾರದೆ, ಸದ್ದು ಮಾಡುವ ವಸ್ತು ಏನಾದರೊಂದು ಇರಲಿ ಎಂದು ಕೊಂಡದ್ದು. ಆ ಮಟ್ಟಿಗೆ ಅದು ನನಗೆ ಮೋಸ ಮಾಡಿಲ್ಲ.

ತರೀಕೆರೆಯ ಅಂಗಡಿಯಾತ ಎರಡು ಬಗೆಯ ಟೈರು ಮುಂದಿಟ್ಟ. ಒಂದು ಕಲ್ಲು ರಸ್ತೆಗೆ ತಾಳುವ ಗಟ್ಟಿ ಜಾತಿ, ಇನ್ನೊಂದು ಮೆತ್ತಗೆ ಓಡುವ ನಯದ ಜಾತಿ. ಮಗಳಿಗೆ ವರ ನೋಡುವವರ ಗಾಂಭೀರ್ಯದಿಂದ ಎರಡನ್ನೂ ಒತ್ತಿ ನೋಡಿದೆ, ಮೂಸಿಯೂ ನೋಡಿದೆ. ರಬ್ಬರನ್ನು ಮೂಸಿದರೆ ಏನು ತಿಳಿಯುತ್ತದೆಂದು ಕೇಳಬೇಡಿ. ಸರ್ವೀಸಿನಲ್ಲಿ ಎಷ್ಟೋ ಅರ್ಜಿಗಳನ್ನು ಇಷ್ಟೇ ತಿಳಿವಳಿಕೆಯಿಂದ ಇತ್ಯರ್ಥ ಮಾಡಿದ್ದೇನೆ.

ಅಷ್ಟರಲ್ಲಿ ಆತ ಕಾರನ್ನು ಒಂದು ಸುತ್ತು ಬಂದು, "ಬಲಗಡೆವು ಎರಡೂ ಬೋಳಾಗವೆ ಸ್ವಾಮಿ. ಎಡಗಡೆವು ಚೆನ್ನಾಗೇ ಅವೆ. ಪಕ್ಕದಲ್ಲಿ ಯಾರೂ ಕೂರಲ್ವಾ?" ಎಂದ. "ಒಬ್ರೇ ಆದ್ರೆ ನಯದ್ದು ಸಾಕು. ಇಬ್ರಾದ್ರೆ ಗಟ್ಟೀದೇ ಬೇಕು."

ಒಬ್ಬನೇ ಎನ್ನುವ ಬದಲು, ನಾಳೆ ಹೇಳಿ ಕಳಿಸುತ್ತೇನೆ ಎಂದು ಹೊರಟುಬಿಟ್ಟೆ.

ಯಾರೂ ಕೂರುವುದಿಲ್ಲ, ನಿಜ. ಆದರೆ ಅದು ನಾನು ಕರೆಯದೆ ಅಲ್ಲ. ದೇವನೂರಿನ ದಾರಿಯಲ್ಲಿ ಬಿಸಿಲಿನಲ್ಲಿ ನಡೆಯುವವರ ಪಕ್ಕ ಕಾರು ನಿಲ್ಲಿಸಿ ಎಷ್ಟೋ ಸಲ ಕರೆದಿದ್ದೇನೆ. ಅಮಲ್ದಾರರ ಸರಿಸಮ ಕೂರುವುದುಂಟೇ? ಚಪ್ಪಲಿ ಕಳಚಿ, ಕೈಮುಗಿದು, ರಸ್ತೆಯಿಂದಲೇ ಇಳಿದು ನಿಲ್ಲುತ್ತಾರೆ. ತುಂಬ ಧೈರ್ಯಸ್ಥನಾದರೆ ಫುಟ್‌ಬೋರ್ಡಿನ ಮೇಲೆ ನಿಂತು ಬರುತ್ತಾನೆ. ನಾನು ಕುರ್ಚಿ ಬಿಟ್ಟು ಆರು ವರ್ಷವಾದರೂ ಅದರ ಮರ್ಯಾದೆ ನನ್ನನ್ನು ಬಿಟ್ಟಿಲ್ಲ. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದವನೂ ನಾನೇ, ಇನ್ನು ಬೈಯುವುದು ಯಾರನ್ನು?

ಊರಿಗೆ ಹೋಗಲು ಮನಸ್ಸಾಗದೆ ಅಜ್ಜಂಪುರದ ಕಡೆ ತಿರುಗಿಸಿದೆ. ಅಲ್ಲಿ ರಂಗಪ್ಪನಿದ್ದಾನೆ, ಇಪ್ಪತ್ತು ವರ್ಷ ನನ್ನ ಜವಾನನಾಗಿದ್ದವನು, ಈಗ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಅವನಾದರೂ ಕೂತಾನು ಎಂಬ ಆಸೆ. ಟೈರಿನ ಕಥೆಯನ್ನೆಲ್ಲ ಹೇಳಿ, "ಬಾರೋ, ಒಂದು ಸುತ್ತು ಹೋಗಿ ಬರೋಣ" ಎಂದೆ. ಅವನು ಕಳಕಳಿಯಿಂದ ಕೇಳಿಸಿಕೊಂಡು, ಒಳಗೆ ಹೋಗಿ, ಒಂದು ಮೂಟೆ ತೆಂಗಿನಕಾಯಿ ಹೊತ್ತು ತಂದು ಎಡಗಡೆಯ ಸೀಟಿನ ಮೇಲೆ ಕೂರಿಸಿದ.

"ತಮ್ಮ ಪಕ್ಕ ನಾನು ಕೂರೋಕಾಯ್ತದಾ ಬುದ್ಧಿ? ಇದು ಕೂತಿರ್ಲಿ. ಎರಡೂ ಕಡೆ ಸಮವಾಗಿ ಸವೀತವೆ."

ಮೊದಲು ನಗು ಬಂತು. ತೆಂಗಿನಕಾಯಿಗೆ ಇರುವ ಸಲಿಗೆ ರಂಗಪ್ಪನಿಗಿಲ್ಲ. ಆ ಮೂಟೆಯ ಜೊತೆಯಲ್ಲಿ ಕಡೂರಿನವರೆಗೆ ಹೋಗುವುದನ್ನು ನೆನೆದರೇ ಸಂಕಟವಾಯಿತು. "ನಿನ್ನ ತೋಟ ತೋರಿಸು" ಎಂದೆ.

ಅವನು ಎತ್ತಿನ ಗಾಡಿ ಕಟ್ಟಿದ. ನಾನು ಅಭ್ಯಾಸಬಲದಿಂದ ತೀರ ಹಿಂದುಗಡೆ, ದೊಡ್ಡ ಮನುಷ್ಯರು ಒರಗಿ ಕೂರುವ ಜಾಗದಲ್ಲಿ ಕೂತೆ. ನಾಲ್ಕು ಮಾರು ಹೋಗುವುದರೊಳಗೆ ಮುಂದೆ ನೊಗ ಮೇಲಕ್ಕೆದ್ದಿತು. ರಂಗಪ್ಪ ತಿರುಗಿ ನೋಡಿದ. ಎತ್ತುಗಳ ಚಿಂತೆಯಲ್ಲಿ ಅಮಲ್ದಾರರನ್ನೂ ಕಚೇರಿಯನ್ನೂ ಮರೆತೇಬಿಟ್ಟ.

"ಅಲ್ಲಿ ಕೂತ್ರೆ ಹಿಂದ್ಗಡೆ ಭಾರ ಆಯ್ತದೆ ಕಣ್ರೀ, ಎತ್ತಿನ ಕೊರಳಿಗೆ ಹಗ್ಗ ಬಿಗೀತದೆ. ಇತ್ಲಾಗ್ ಬನ್ನಿ, ನನ್ ಒತ್ತಿಗೆ ಕೂತ್ಕಳ್ಳಿ."

ಹೋಗಿ ಅವನ ಹೆಗಲಿಗೆ ಹೆಗಲು ತಾಗಿಸಿ ಕೂತೆ. ಆರು ವರ್ಷದಿಂದ ನನ್ನನ್ನು ಯಾರೂ ಹತ್ತಿರ ಕರೆದಿರಲಿಲ್ಲ. ತೋಟ ಇನ್ನೂ ಒಂದು ಮೈಲಿ ಇತ್ತು. ಎತ್ತುಗಳು ನಿಧಾನವಾಗಿಯೇ ಹೋಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಮರುದಿನ ತರೀಕೆರೆಗೆ, ಗಟ್ಟಿ ಟೈರೇ ಇರಲಿ ಎಂದು ಹೇಳಿ ಕಳಿಸಿದೆ. ಕಾರಿನಲ್ಲಿ ನಾನೊಬ್ಬನೇ, ಅದು ಬದಲಾಗುವ ಹಾಗಿಲ್ಲ. ಆದರೆ ವಾರಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಕೂರಬೇಕಾದರೆ ಅಜ್ಜಂಪುರದವರೆಗೆ ಆ ಕಲ್ಲು ರಸ್ತೆಯಲ್ಲಿ ಕಾರು ಓಡಬೇಕಲ್ಲ.